ತಪ್ಪು ಮೊದಲ ಪುಟದಲ್ಲಿ, ತಿದ್ದುಪಡಿ ಒಳಪುಟದ ಮೂಲೆಯಲ್ಲಿ

2008ರ ಸೆಪ್ಟೆಂಬರ್ 10ರಂದು ಟೈಮ್ಸ್ ನೌ ಚಾನೆಲ್‌ನಲ್ಲಿ ಗಾಜಿಯಾಬಾದ್‌ನ ಭವಿಷ್ಯ ನಿಧಿ ಹಗರಣದ ಸುದ್ದಿ ಪ್ರಸಾರವಾಯಿತು. ಅದರಲ್ಲಿ ಒಬ್ಬ ನ್ಯಾಯಮೂರ್ತಿಯ ಹೆಸರು ಬಂತು. ಹೆಸರಿನ ಜೊತೆ ಕಾಣಿಸಿದ ಫೋಟೊ ಮಾತ್ರ ಬೇರೆಯವರದು. ಅದು ಸುಪ್ರೀಂ ಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಪಿ.ಬಿ. ಸಾವಂತ್ ಅವರ ಫೋಟೊ. ಇಬ್ಬರ ಹೆಸರೂ ಕೇಳಲು ಹತ್ತಿರ ಹತ್ತಿರ ಇದ್ದವು. ಸಾವಂತ್ ಅವರಿಗೂ ಆ ಹಗರಣಕ್ಕೂ ಯಾವ ಸಂಬಂಧವೂ ಇರಲಿಲ್ಲ. ಅವರು ಹಿಂದೆ, ಪತ್ರಿಕೆಗಳ ಮೇಲಿನ ದೂರು ಕೇಳುವ ಭಾರತೀಯ ಪತ್ರಿಕಾ ಮಂಡಳಿಯ ಅಧ್ಯಕ್ಷರಾಗಿದ್ದವರು ಬೇರೆ. ಫೋಟೊ ಪರದೆ ಮೇಲೆ ಇದ್ದದ್ದು ಸುಮಾರು 15 ಸೆಕೆಂಡ್.

ತಪ್ಪು ಗೊತ್ತಾದ ಮೇಲೆ ಚಾನೆಲ್ ಫೋಟೊ ತೆಗೆಯಿತು. ಆದರೆ ವೀಕ್ಷಕರಿಗೆ ಏನೂ ಹೇಳಲಿಲ್ಲ. ಸಾವಂತ್ ಪತ್ರ ಬರೆದ ನಂತರ, ಸೆಪ್ಟೆಂಬರ್ 23ರಿಂದ ಐದು ದಿನ ಪರದೆಯ ಕೆಳಗಡೆ ಕ್ಷಮೆಯ ಸಾಲು ಓಡಿತು. ಅಷ್ಟು ಹೊತ್ತಿಗೆ 13 ದಿನ ಕಳೆದಿತ್ತು. ಸಾವಂತ್ ಮಾನನಷ್ಟ ಮೊಕದ್ದಮೆ ಹೂಡಿದರು. 2011ರಲ್ಲಿ ಪುಣೆಯ ನ್ಯಾಯಾಲಯ 100 ಕೋಟಿ ರೂಪಾಯಿ ಪರಿಹಾರ ಕೊಡಬೇಕು ಎಂದಿತು. ಮೇಲ್ಮನವಿ ವಿಚಾರಣೆ ಆಗಬೇಕಾದರೆ 20 ಕೋಟಿ ಠೇವಣಿ ಇಡಿ, 80 ಕೋಟಿಗೆ ಬ್ಯಾಂಕ್ ಗ್ಯಾರಂಟಿ ಕೊಡಿ ಎಂದು ಬಾಂಬೆ ಹೈಕೋರ್ಟ್ ಹೇಳಿತು. ಅದರಲ್ಲಿ ಮಧ್ಯಪ್ರವೇಶಿಸಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ಪರಿಹಾರದ ಮೊತ್ತ ತೀರಾ ಜಾಸ್ತಿಯಾಯಿತು ಅನ್ನುವುದು ನನ್ನ ಅಭಿಪ್ರಾಯ. ಅದರಲ್ಲಿ ನೂರನೇ ಒಂದು ಭಾಗ ಕೇಳಿದರೂ ನಮ್ಮ ಎಷ್ಟೋ ಜಿಲ್ಲಾ ಪತ್ರಿಕೆಗಳು ಬಾಗಿಲು ಹಾಕಬೇಕಾಗುತ್ತದೆ. ಆದರೂ ಸುದ್ದಿ ತಿದ್ದಿ ಪುಟ ಕಟ್ಟುವ ಡೆಸ್ಕ್‌ಗೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಇದೇ ಪ್ರಕರಣ. ಆ 15 ಸೆಕೆಂಡಿನ ತಪ್ಪು ಯಾರ ಕೈಯಲ್ಲಾದರೂ ಆಗಬಹುದು. ರಾತ್ರಿ ಪುಟ ಕಳಿಸುವ ಹೊತ್ತು, ಫೋಟೊ ಸಂಗ್ರಹದಲ್ಲಿ ಹೆಸರು ಹುಡುಕಿದಾಗ ಮೊದಲು ಬಂದ ಚಿತ್ರವನ್ನು ಎಳೆದು ಹಾಕುವ ಅವಸರ. ಇದನ್ನು ಕಾಣದ ಸುದ್ದಿಮನೆ ಇಲ್ಲ. ಆದರೆ ಆಮೇಲಿನ 13 ದಿನ ಕಣ್ತಪ್ಪಿನಿಂದ ಕಳೆಯುವುದಿಲ್ಲ. ಸುಮ್ಮನಿರೋಣ ಅಂತ ಯಾರೋ ಕೂತು ತೀರ್ಮಾನಿಸಿದಾಗ ಮಾತ್ರ ಹಾಗೆ ಕಳೆಯುತ್ತದೆ. ಸುದ್ದಿಮನೆಯ ನೀತಿ ಏನು ಅಂತ ಗೊತ್ತಾಗುವುದು ಆ ತೀರ್ಮಾನದಲ್ಲಿ.

ತಪ್ಪು ಎಲ್ಲಿಂದ ನುಸುಳುತ್ತದೆ ಎಂದು ಓದುಗರು ಕೇಳುತ್ತಾರೆ. ಬಹುತೇಕ ಸಣ್ಣ ಜಾಗಗಳಿಂದಲೇ. ಹೊಸಹಳ್ಳಿ ಎಂಬ ಹೆಸರಿನ ಊರು ನಮ್ಮಲ್ಲಿ ಒಂದೆರಡಲ್ಲ. ತಾಲ್ಲೂಕಿನ ಹೆಸರು ಬಿಟ್ಟರೆ ಯಾವುದೋ ಊರಿನ ಮೇಲೆ ಯಾವುದೋ ಕೇಸು ಬೀಳುತ್ತದೆ. ಸುದ್ದಿಸಂಸ್ಥೆಯಿಂದ ಇಂಗ್ಲಿಷ್‌ನಲ್ಲಿ ಬಂದ ಸುದ್ದಿಯಲ್ಲಿ ಬಿಲಿಯನ್ ಅಂತ ಇರುತ್ತದೆ. ಅದು 100 ಕೋಟಿ. ಅವಸರದಲ್ಲಿ ಒಂದು ಸೊನ್ನೆ ಹೋಯಿತು ಅಂದರೆ ಸುದ್ದಿಯೇ ಬೇರೆ. ಠಾಣೆಯ ಪ್ರೆಸ್ ನೋಟ್‌ನಲ್ಲಿ ತಂದೆಯ ಹೆಸರು, ಮಗನ ಹೆಸರು ಅದಲು ಬದಲಾಗಿರುತ್ತದೆ. ತಾಲ್ಲೂಕಿನ ಅರೆಕಾಲಿಕ ವರದಿಗಾರರು ಅದನ್ನು ಹಾಗೆಯೇ ಕಳಿಸುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ಸುದ್ದಿಯನ್ನೂ ಜಾಹೀರಾತನ್ನೂ ಒಬ್ಬರೇ ತರಬೇಕು, ಕೈಗೆ ಸಿಗುವುದು ಪುಡಿಗಾಸು. ಇಂಥ ಕಡೆ ಎರಡನೇ ಸಲ ಫೋನ್ ಮಾಡಿ ಕೇಳುವ ಕೆಲಸ ಡೆಸ್ಕಿನದು.

ದೊಡ್ಡವರು ಹೇಳಿದ್ದಾರೆ, ಹಾಗಾಗಿ ಸರಿ ಇರಬೇಕು ಅನ್ನುವ ನಂಬಿಕೆ ಇನ್ನೂ ಅಪಾಯದ್ದು. 1979ರ ಮಾರ್ಚ್ 22ರಂದು ಪ್ರಧಾನಿ ಮೊರಾರ್ಜಿ ದೇಸಾಯಿ ಲೋಕಸಭೆಯಲ್ಲಿ ಜಯಪ್ರಕಾಶ್ ನಾರಾಯಣ್ ತೀರಿಕೊಂಡರು ಎಂದು ಹೇಳಿಬಿಟ್ಟರು. ಸದನ ಶ್ರದ್ಧಾಂಜಲಿ ಸಲ್ಲಿಸಿತು. ಆಕಾಶವಾಣಿಯಲ್ಲೂ ಸುದ್ದಿ ಬಂತು. ಜೆಪಿ ಮುಂಬೈನ ಜಸ್ಲೋಕ್ ಆಸ್ಪತ್ರೆಯಲ್ಲಿ ಬದುಕಿದ್ದರು! ಅವರು ತೀರಿಕೊಂಡದ್ದು ಅದೇ ವರ್ಷ ಅಕ್ಟೋಬರ್ 8ರಂದು. ಪ್ರಧಾನಿಗಿಂತ ದೊಡ್ಡ ಮೂಲ ಯಾರಿದ್ದಾರೆ, ಅಲ್ವಾ? ಆದರೆ ದಿಲ್ಲಿಯಲ್ಲಿದ್ದ ಪ್ರಧಾನಿಗೆ ಅದು ನೇರವಾಗಿ ಗೊತ್ತಿರಲಿಲ್ಲ, ಆಸ್ಪತ್ರೆಗೆ ಗೊತ್ತಿತ್ತು. ಹೇಳಿದವರು ಎಷ್ಟು ದೊಡ್ಡವರು ಅಂತ ನೋಡುವ ಮೊದಲು, ಅವರಿಗೆ ಅದು ಹೇಗೆ ಗೊತ್ತಾಯಿತು ಅಂತ ಕೇಳಬೇಕು. ಇವತ್ತಿಗೂ ಸಾವಿನ ಸುದ್ದಿಗೆ ಮನೆಯವರು ಅಥವಾ ವೈದ್ಯರು, ಇಬ್ಬರಲ್ಲಿ ಒಬ್ಬರ ಮಾತು ಇಲ್ಲದೆ ಪುಟ ಬಿಡಬಾರದು. ಬೇರೆ ಚಾನೆಲ್‌ನಲ್ಲಿ ಬರುತ್ತಿದೆ ಅನ್ನುವುದು ಖಚಿತತೆಯಾಗುವುದಿಲ್ಲ.

ಇನ್ನು ತಿದ್ದುಪಡಿಯ ವಿಷಯ. ಪತ್ರಿಕಾ ಮಂಡಳಿಯ ನಡವಳಿಕೆ ಸಂಹಿತೆ ಇದರಲ್ಲಿ ತುಂಬಾ ಸ್ಪಷ್ಟವಾಗಿದೆ. ವಾಸ್ತವಾಂಶದಲ್ಲಿ ತಪ್ಪು ಕಂಡುಬಂದರೆ ಪತ್ರಿಕೆ ತಾನಾಗಿಯೇ, ಬೇಗ, ಎದ್ದು ಕಾಣುವಂತೆ ತಿದ್ದುಪಡಿ ಹಾಕಬೇಕು. ಲೋಪ ಗಂಭೀರವಾಗಿದ್ದರೆ ಕ್ಷಮೆಯನ್ನೂ ಕೇಳಬೇಕು. ವಾಸ್ತವದಲ್ಲಿ ಆಗುವುದೇನು? ಮೂರು ಕಾಲಂನ ತಲೆಬರಹದಲ್ಲಿ ಆದ ತಪ್ಪಿಗೆ ಒಳಪುಟದ ಕೆಳಗೆ ನಾಲ್ಕು ಸಾಲು. ಅದೂ ಹೀಗಿರುತ್ತದೆ: ‘ನಿನ್ನೆಯ ಸಂಚಿಕೆಯ ಒಂದು ವರದಿಯಲ್ಲಿ ಕಣ್ತಪ್ಪಿನಿಂದ ಹೆಸರು ತಪ್ಪಾಗಿ ಪ್ರಕಟವಾಗಿದೆ. ವಿಷಾದಿಸುತ್ತೇವೆ.’ ಯಾವ ವರದಿ? ಯಾರ ಹೆಸರು? ಸರಿಯಾದದ್ದು ಏನು? ಓದಿದವರಿಗೆ ಒಂದೂ ತಿಳಿಯುವುದಿಲ್ಲ. ಯಾರ ಹೆಸರು ಕೆಟ್ಟಿತೋ ಅವರು ಈ ಕಟಿಂಗ್ ಹಿಡಿದುಕೊಂಡು ನೆಂಟರಿಗೆ ತೋರಿಸಿದರೂ ಉಪಯೋಗವಿಲ್ಲ.

ನನಗೆ ಇದಕ್ಕಿಂತ ಜಾಸ್ತಿ ನೋವು ಕೊಡುವುದು ‘ಸ್ಪಷ್ಟನೆ’ ಎಂಬ ಪೆಟ್ಟಿಗೆ. ತಪ್ಪು ಪತ್ರಿಕೆಯದು. ದಾಖಲೆ ಸಮೇತ ಪತ್ರ ಬರೆದವರು ಓದುಗರು. ನಾವು ಅದನ್ನು ‘ನನಗೂ ಆ ಪ್ರಕರಣಕ್ಕೂ ಸಂಬಂಧವಿಲ್ಲ ಎಂದು ಅವರು ತಿಳಿಸಿದ್ದಾರೆ’ ಅಂತ ಹಾಕುತ್ತೇವೆ. ಸತ್ಯ ಏನು ಅಂತ ಡೆಸ್ಕಿಗೆ ಗೊತ್ತಾಗಿದೆ. ಆದರೂ ಅದು ಆ ವ್ಯಕ್ತಿಯ ಹೇಳಿಕೆಯಾಗಿ ಮಾತ್ರ ಅಚ್ಚಾಗುತ್ತದೆ. ಓದಿದವರು ‘ಸಿಕ್ಕಿಬಿದ್ದ ಮೇಲೆ ಎಲ್ಲರೂ ಹೀಗೇ ಹೇಳ್ತಾರೆ’ ಅಂದುಕೊಳ್ಳುತ್ತಾರೆ. ಹೀಗೆ ಎರಡನೇ ಸಲ ಅನ್ಯಾಯವಾಗುತ್ತದೆ. ವಿಷಯ ಇನ್ನೂ ವಿವಾದದಲ್ಲಿದ್ದರೆ ಅವರ ಮಾತನ್ನು ಅವರ ಹೆಸರಲ್ಲಿ ಹಾಕುವುದು ಸರಿ. ತಪ್ಪು ಖಚಿತವಾದ ಮೇಲೆ ಪತ್ರಿಕೆ ತನ್ನ ಬಾಯಿಂದಲೇ ಹೇಳಬೇಕು: ‘ಇಂಥ ದಿನ, ಇಂಥ ಪುಟದಲ್ಲಿ ನಾವು ಹೀಗೆ ಬರೆದಿದ್ದೆವು. ಅದು ತಪ್ಪು. ಸರಿಯಾದದ್ದು ಇದು.’

ಕನ್ನಡ ಪತ್ರಿಕೆಗಳಿಗೆ ಇನ್ನೊಂದು ತೊಡಕಿದೆ. ಒಂದೇ ಪತ್ರಿಕೆಗೆ ಹಲವು ಆವೃತ್ತಿಗಳು. ಕಲಬುರಗಿ ಆವೃತ್ತಿಯಲ್ಲಿ ಬಂದ ತಪ್ಪಿಗೆ ಬೆಂಗಳೂರು ಆವೃತ್ತಿಯಲ್ಲಿ ತಿದ್ದುಪಡಿ ಹಾಕಿದರೆ ಯಾರಿಗೆ ತಲುಪಿತು? ತಪ್ಪು ಓದಿದವರೇ ತಿದ್ದುಪಡಿಯನ್ನೂ ಓದಬೇಕು. ನನ್ನ ಮಟ್ಟಿಗೆ ಇದು ಮೊದಲ ನಿಯಮ. ಹಾಗಾಗಿ ಅದೇ ಆವೃತ್ತಿ, ಸಾಧ್ಯವಾದರೆ ಅದೇ ಪುಟ.

ಆನ್‌ಲೈನ್‌ನಲ್ಲಿ ಈ ನಿಯಮ ಪಾಲಿಸುವುದು ಕಷ್ಟ, ಆದರೆ ಅಲ್ಲೇ ಅದು ಹೆಚ್ಚು ಬೇಕು. ಅಚ್ಚಾದ ಪುಟವನ್ನು ಯಾರೂ ಗುಟ್ಟಾಗಿ ಬದಲಿಸಲಾರರು. ವೆಬ್‌ಸೈಟ್‌ನಲ್ಲಿ ಎರಡು ನಿಮಿಷದ ಕೆಲಸ. ತಲೆಬರಹ ಬದಲಾಯಿತು, ಸಾಲು ಹೋಯಿತು, ಲಿಂಕ್ ಅದೇ. ಅಷ್ಟರಲ್ಲಿ ಹಳೆಯ ತಲೆಬರಹದ ಕಾರ್ಡ್ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಹರಿದಾಡುತ್ತಿರುತ್ತದೆ. ಯೂಟ್ಯೂಬ್‌ನಲ್ಲಿ ಹಳೆಯ ಥಂಬ್‌ನೇಲ್ ಹಾಗೇ ಇರುತ್ತದೆ. 2016ರ ನವೆಂಬರ್‌ನಲ್ಲಿ ಹೊಸ 2000 ರೂಪಾಯಿ ನೋಟಿನಲ್ಲಿ ಚಿಪ್ ಇದೆ ಅಂತ ಕೆಲವು ಟಿವಿ ಚಾನೆಲ್‌ಗಳು ಗ್ರಾಫಿಕ್ಸ್ ಸಮೇತ ತೋರಿಸಿದ್ದು ನೆನಪಿರಬಹುದು. ರಿಸರ್ವ್ ಬ್ಯಾಂಕ್ ಕೊಟ್ಟ ನೋಟಿನ ವಿವರದಲ್ಲಿ ಅಂಥದ್ದು ಏನೂ ಇರಲಿಲ್ಲ. ಆ ಕ್ಲಿಪ್ಪುಗಳು ಜನರ ಫೋನುಗಳಲ್ಲಿ ವರ್ಷಗಟ್ಟಲೆ ಸುತ್ತಿದವು. ತಪ್ಪು ಎಲ್ಲೆಲ್ಲಿಗೆ ಹೋಗಿತ್ತೋ ಅಲ್ಲೆಲ್ಲ ತಿದ್ದುಪಡಿಯೂ ಹೋಗಬೇಕು. ಅದೇ ಫೇಸ್‌ಬುಕ್ ಪುಟ, ಅದೇ ಚಾನೆಲ್, ಅದೇ ಬುಲೆಟಿನ್. ವೆಬ್ ಸುದ್ದಿಯ ಮೇಲ್ಭಾಗದಲ್ಲೇ ಏನು ಬದಲಾಯಿತು, ಯಾವಾಗ ಬದಲಾಯಿತು ಅಂತ ಎರಡು ಸಾಲು ಇರಬೇಕು. ಕಾಗುಣಿತದ ತಪ್ಪಿಗೆ ಇಷ್ಟೆಲ್ಲ ಬೇಡ. ಅರ್ಥ ಬದಲಾದರೆ ಬೇಕೇ ಬೇಕು.

ತಿದ್ದಲಾಗದ ತಪ್ಪುಗಳೂ ಇವೆ. ಜಮ್ಮುವಿನ ಕಠುವಾದಲ್ಲಿ ಅತ್ಯಾಚಾರಕ್ಕೊಳಗಾಗಿ ಕೊಲೆಯಾದ ಎಂಟು ವರ್ಷದ ಮಗುವಿನ ಹೆಸರು, ಫೋಟೊ ಹಾಕಿದ್ದಕ್ಕೆ 2018ರಲ್ಲಿ ದಿಲ್ಲಿ ಹೈಕೋರ್ಟ್ 12 ಮಾಧ್ಯಮ ಸಂಸ್ಥೆಗಳಿಗೆ ತಲಾ 10 ಲಕ್ಷ ರೂಪಾಯಿ ಕಟ್ಟಲು ಹೇಳಿತು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ 23ನೇ ಕಲಂ ಮಗುವಿನ ಗುರುತು ಬಿಟ್ಟುಕೊಡುವುದನ್ನು ನಿಷೇಧಿಸುತ್ತದೆ. ಹೆಸರಷ್ಟೇ ಅಲ್ಲ, ಮನೆ, ಶಾಲೆ, ನೆರೆಹೊರೆ ಕೂಡ. ನಮ್ಮ ಜಿಲ್ಲಾ ಪುಟಗಳಲ್ಲಿ ಹೆಸರು ಬಿಟ್ಟು, ಊರು, ಶಾಲೆ, ಎಷ್ಟನೇ ತರಗತಿ ಎಲ್ಲ ಬರೆದುಬಿಡುತ್ತಾರೆ. ಸಣ್ಣ ಊರಿನಲ್ಲಿ ಅಷ್ಟು ಸಾಕು, ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಇದಕ್ಕೆ ಮರುದಿನ ತಿದ್ದುಪಡಿ ಹಾಕುವಂತಿಲ್ಲ. ಹಾಕಿದರೆ ಗಾಯ ಇನ್ನೂ ದೊಡ್ಡದು. ಇಂಥ ಸುದ್ದಿಯನ್ನು ಪುಟಕ್ಕೆ ಹೋಗುವ ಮೊದಲು ಇನ್ನೊಬ್ಬರು ಓದಲೇಬೇಕು, ಎಷ್ಟೇ ತಡವಾಗಲಿ.

ಬಂಧನದ ಸುದ್ದಿಯೂ ಹೀಗೆಯೇ. ಬಂಧಿಸಿದ ದಿನ ಫೋಟೊ ಸಮೇತ ದೊಡ್ಡದಾಗಿ ಹಾಕುತ್ತೇವೆ. ಆರು ವರ್ಷದ ನಂತರ ಖುಲಾಸೆಯಾದಾಗ ಆ ಕಡೆ ವರದಿಗಾರರೇ ಇರುವುದಿಲ್ಲ. ಬರೆದ ದಿನ ಸುದ್ದಿ ನಿಜವಾಗಿತ್ತು, ತಪ್ಪೇನಿಲ್ಲ ಅಂತ ವಾದಿಸಬಹುದು. ಆದರೆ ವೆಬ್‌ಸೈಟ್‌ನಲ್ಲಿ ಹೆಸರು ಹುಡುಕಿದವರಿಗೆ ಇವತ್ತಿಗೂ ಸಿಗುವುದು ಬಂಧನ ಮಾತ್ರ. ಖುಲಾಸೆಯ ಆದೇಶದ ಪ್ರತಿ ತಂದುಕೊಟ್ಟರೆ ಹಳೆಯ ಸುದ್ದಿಯ ತಲೆಗೇ ಆ ಮಾಹಿತಿ ಸೇರಿಸಬೇಕು. ಇದು ಉಪಕಾರವಲ್ಲ, ಕರ್ತವ್ಯ.

‘ದಿ ಹಿಂದೂ’ 2006ರಲ್ಲಿ ಓದುಗರ ದೂರು ನೋಡಲೆಂದೇ ಪ್ರತ್ಯೇಕ ಸಂಪಾದಕರನ್ನು ನೇಮಿಸಿತು. ಕೆ. ನಾರಾಯಣನ್ ಮೊದಲಿಗರು. ಸುದ್ದಿ ಬರೆಯುವವರಿಗೂ ತಪ್ಪು ಪರಿಶೀಲಿಸುವವರಿಗೂ ಅಂತರ ಇರಬೇಕು ಅನ್ನುವುದು ಅದರ ಹಿಂದಿನ ವಿಚಾರ. ಕನ್ನಡ ಪತ್ರಿಕೆಗಳಲ್ಲಿ ಇದು ವಾಡಿಕೆಯಾಗಿಲ್ಲ. ಪೂರ್ಣಾವಧಿ ಹುದ್ದೆಗೆ ಹಣವಿಲ್ಲದಿದ್ದರೆ, ನಿವೃತ್ತರಾದ ಹಿರಿಯರೊಬ್ಬರು ವಾರಕ್ಕೆ ಒಂದು ದಿನ ಕೂತರೂ ಸಾಕು. ಜೊತೆಗೆ ಒಂದು ಕಟ್ಟುಪಾಡು ಬೇಕು: ತಪ್ಪನ್ನು ತಾನಾಗಿ ಬಂದು ಹೇಳಿದ ವರದಿಗಾರರಿಗೆ ಶಿಕ್ಷೆ ಇಲ್ಲ, ಮುಚ್ಚಿಟ್ಟವರಿಗೆ ಇದೆ. ಈಗ ಬಹಳ ಕಡೆ ಇದು ತಲೆಕೆಳಗಾಗಿದೆ. ಹಾಗಾಗಿಯೇ ಯಾರೂ ಬಾಯಿಬಿಡುವುದಿಲ್ಲ.

ನಿಮ್ಮ ಬಗ್ಗೆ ತಪ್ಪು ಸುದ್ದಿ ಬಂದರೆ ಫೋನ್‌ನಲ್ಲಿ ಜಗಳವಾಡಿ ಬಿಡಬೇಡಿ. ಬರವಣಿಗೆಯಲ್ಲಿ ಕೊಡಿ. ದಿನಾಂಕ, ಆವೃತ್ತಿ, ಪುಟ ಸಂಖ್ಯೆ, ಕಟಿಂಗ್, ಸರಿಯಾದ ಮಾಹಿತಿಗೆ ದಾಖಲೆ ಇರಲಿ. ವೆಬ್ ಸುದ್ದಿಯಾದರೆ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ, ಆಮೇಲೆ ಪತ್ರ. ಪತ್ರ ಸಂಪಾದಕರಿಗೇ ಹೋಗಲಿ. ಉತ್ತರ ಬರದಿದ್ದರೆ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ ಕೊಡಬೇಕು. ಮಂಡಳಿ ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು, ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ಟಿವಿಗೆ ಮಂಡಳಿ ಸಂಬಂಧಪಡುವುದಿಲ್ಲ. ಅದಕ್ಕೆ ಸುದ್ದಿ ಚಾನೆಲ್‌ಗಳೇ ಸೇರಿ ಕಟ್ಟಿಕೊಂಡ, ದೂರು ಕೇಳುವ ಎನ್‌ಬಿಡಿಎಸ್‌ಎ ಎಂಬ ಸಂಸ್ಥೆ ಇದೆ. ಸದಸ್ಯ ಚಾನೆಲ್‌ಗಳಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಬಲ್ಲದು. ಅದು ಸಾಲದು ಎಂದು 2023ರಲ್ಲಿ ಸುಪ್ರೀಂ ಕೋರ್ಟೇ ಅಸಮಾಧಾನ ಹೇಳಿತ್ತು. ಅಲ್ಲಿಗೆ ಹೋಗುವ ಮೊದಲು ಚಾನೆಲ್‌ಗೇ ದೂರು ಕೊಟ್ಟಿರಬೇಕು. ಅಲ್ಲಿ ದಿನಗಳ ಲೆಕ್ಕ ಇನ್ನೂ ಬಿಗಿ, ಹಾಗಾಗಿ ಕಾರ್ಯಕ್ರಮ ನೋಡಿದ ವಾರದಲ್ಲೇ ಪತ್ರ ಕಳಿಸಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.