ಎಲ್ಲರದೂ ಒಂದೇ ಮೊಬೈಲ್ ನಂಬರ್

ಕೆಲಸಕ್ಕೆ ಸೇರಿದ ಹೊಸದರಲ್ಲಿ ಗ್ರಾಹಕರ ಪಟ್ಟಿಯೊಂದನ್ನು ತೆರೆದು ನೋಡಿದೆ. ಎಲ್ಲರ ಮೊಬೈಲ್ ನಂಬರೂ 2147483647! ಅಂಕಿಗಳೇನೋ ಸರಿಯಾಗಿ ಹತ್ತೇ ಇವೆ. ಆದರೆ ನಮ್ಮ ಮೊಬೈಲ್ ನಂಬರ್ 2ರಿಂದ ಶುರುವಾಗುವುದಿಲ್ಲ, ಅಲ್ವಾ?

ಎಡವಟ್ಟು ನನ್ನದೇ. ನಂಬರಿನ ಕಾಲಂಗೆ 'ಇಂಟ್', ಅಂದರೆ ಪೂರ್ಣಾಂಕ, ಅಂತ ಕೊಟ್ಟಿದ್ದೆ. ಅದರಲ್ಲಿ ಇರುವುದು 32 ಬಿಟ್, ಅಂದರೆ 0 ಅಥವಾ 1 ಹಿಡಿಸುವ 32 ಮನೆಗಳು. ಪ್ಲಸ್ಸೋ ಮೈನಸ್ಸೋ ಹೇಳಲು ಒಂದು ಹೋಗುತ್ತದೆ. ಉಳಿದ 31ರಲ್ಲೂ 1 ತುಂಬಿದರೆ ಬರುವುದೇ ಈ ಸಂಖ್ಯೆ. ಅದಕ್ಕಿಂತ ದೊಡ್ಡದು ಅಲ್ಲಿ ಹಿಡಿಸುವುದಿಲ್ಲ. ಡೇಟಾಬೇಸ್ ತಕರಾರು ಮಾಡದೆ, ಹಿಡಿಸುವ ಕೊನೆಯ ಸಂಖ್ಯೆಯನ್ನೇ ಬರೆದು ಸುಮ್ಮನಾಗಿತ್ತು.

ತಮಾಷೆ ಅಂದರೆ, ಇದು ಅವಿಭಾಜ್ಯ ಸಂಖ್ಯೆ. 16 ಬಿಟ್ಟಿನ ಮಿತಿ 32767 ಹಾಗಲ್ಲ. ಅದರಲ್ಲಿ ಸಾಲಾಗಿ 15 ಒಂದುಗಳು. ಮೂರು ಮೂರಾಗಿ ಕತ್ತರಿಸಿ: 111 111 111 111 111. ಬೈನರಿಯಲ್ಲಿ 111 ಅಂದರೆ 7. ಹಾಗಾಗಿ ಇಡೀ ಸಂಖ್ಯೆ 7ರಿಂದ ಭಾಗವಾಗುತ್ತದೆ. 64 ಬಿಟ್ಟಿನ ಮಿತಿಯಲ್ಲಿ 63 ಒಂದುಗಳು, ಅದಕ್ಕೂ ಇದೇ ಗತಿ. 31 ಒಂದುಗಳನ್ನು ಮಾತ್ರ ಹೀಗೆ ಸಮವಾಗಿ ಕತ್ತರಿಸಲು ಆಗುವುದಿಲ್ಲ.

ಅಷ್ಟಕ್ಕೇ ಅವಿಭಾಜ್ಯ ಅನ್ನುವಂತಿಲ್ಲ. 11 ಒಂದುಗಳನ್ನೂ ಕತ್ತರಿಸಲಾಗದು, ಆದರೂ 2047 ಎಂದರೆ 23 × 89. ಹಾಗಾಗಿ ಕೂತು ಭಾಗಿಸಿಯೇ ನೋಡಬೇಕು. 1772ರ ಹೊತ್ತಿಗೆ ಗಣಿತಜ್ಞ ಆಯ್ಲರ್ ನೋಡಿ ಮುಗಿಸಿದ್ದರು, ಅದೂ ಕಣ್ಣು ಬಹುತೇಕ ಹೋಗಿದ್ದಾಗ! ಇದರ ವರ್ಗಮೂಲದವರೆಗಿನ, ಅಂದರೆ 46,340ರವರೆಗಿನ ಅವಿಭಾಜ್ಯಗಳನ್ನೆಲ್ಲ ಪರೀಕ್ಷಿಸುವುದಾದರೆ 4,700ಕ್ಕೂ ಜಾಸ್ತಿ ಇವೆ. ಆದರೆ ಇದನ್ನು ಭಾಗಿಸಬಲ್ಲ ಅವಿಭಾಜ್ಯವನ್ನು 248ರಿಂದ ಭಾಗಿಸಿದರೆ ಶೇಷ 1 ಅಥವಾ 63 ಮಾತ್ರ ಬರಬೇಕು. ಅಂಥ ಶೇಷ ಕೊಡುವ ಸಂಖ್ಯೆಗಳೇ ಸುಮಾರು 370, ಅವೂ ಎಲ್ಲ ಅವಿಭಾಜ್ಯವಲ್ಲ. ಯಾವುದರಿಂದಲೂ ಭಾಗ ಹೋಗಲಿಲ್ಲ.

ಈ ಅವಿಭಾಜ್ಯದಿಂದ ಕಟ್ಟಿದ 'ಪರಿಪೂರ್ಣ ಸಂಖ್ಯೆ'ಗಿಂತ (ತನಗಿಂತ ಚಿಕ್ಕ ಭಾಜಕಗಳ ಮೊತ್ತಕ್ಕೇ ಸಮನಾದದ್ದು, 6 = 1 + 2 + 3 ಇದ್ದಂತೆ) ದೊಡ್ಡದನ್ನು ಹುಡುಕುವ ಗೋಜಿಗೆ ಯಾರೂ ಹೋಗಲಾರರು, ಅದರಿಂದ ಉಪಯೋಗವೂ ಇಲ್ಲ ಎಂಬರ್ಥದ ಮಾತನ್ನು 1811ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಪೀಟರ್ ಬಾರ್ಲೋ ಬರೆದರು. ಪಾಪ! ಅಂಥ ಸಂಖ್ಯೆ ಕಟ್ಟಲು ಬೇಕಾದ, ಬೈನರಿಯಲ್ಲಿ ಬರೀ ಒಂದುಗಳಿರುವ ಅವಿಭಾಜ್ಯಗಳ ಹುಡುಕಾಟ ನಿಲ್ಲಲೇ ಇಲ್ಲ, 2024ರಲ್ಲಿ ಸಿಕ್ಕಿದ್ದಕ್ಕೆ 4,10,24,320 ಅಂಕಿಗಳು.

ನಮ್ಮ 2147483647ಕ್ಕೆ ಉಪಯೋಗವೂ ಇದೆ: ಲಾಟರಿ ಎತ್ತಿದಂತೆ ಬರುವ ಸಂಖ್ಯೆಗಳನ್ನು ಹುಟ್ಟಿಸಲು. 1ರಿಂದ ಶುರು ಮಾಡಿ 16807ರಿಂದ ಗುಣಿಸಿ, 2147483647ರಿಂದ ಭಾಗಿಸಿ, ಶೇಷ ಇಟ್ಟುಕೊಳ್ಳಿ. ಅದನ್ನೇ ಮತ್ತೆ ಗುಣಿಸಿ. 16807, 282475249, 1622650073... ನೋಡಲು ಗೊತ್ತುಗುರಿಯಿಲ್ಲದಂತೆ ಕಾಣುತ್ತದೆ. ಆದರೆ 1ರಿಂದ 2147483646ರವರೆಗೆ ಒಂದನ್ನೂ ಬಿಡದೆ, ಒಂದನ್ನೂ ಎರಡು ಸಲ ಮುಟ್ಟದೆ ಸುತ್ತಿ ಬಂದು, ಆಮೇಲೇ 1ಕ್ಕೆ ಮರಳುತ್ತದೆ. ಭಾಗಿಸುವ ಸಂಖ್ಯೆ ಅವಿಭಾಜ್ಯ ಅಲ್ಲದಿದ್ದರೆ ಇದು ನಡೆಯುವುದಿಲ್ಲ. ಆಟಕ್ಕೆ, ಲೆಕ್ಕದ ಪ್ರಯೋಗಕ್ಕೆ ಇದು ಸಾಕು. ಓಟಿಪಿಗೆ ಮಾತ್ರ ಬೇಡ ಮಾರಾಯ್ರೇ. ಒಂದು ಸಂಖ್ಯೆ ಸಿಕ್ಕವರಿಗೆ ಮುಂದಿನದೆಲ್ಲ ಸಿಕ್ಕಂತೆ.

ನನ್ನ ಪಟ್ಟಿಯ ನಂಬರ್‌ಗಳು ಹೋಗಿದ್ದು ಹೋದವೇ. ಕಾಗದದ ಅರ್ಜಿಗಳನ್ನು ಮುಂದಿಟ್ಟುಕೊಂಡು ಎಲ್ಲವನ್ನೂ ಮತ್ತೆ ಟೈಪ್ ಮಾಡಿದೆ. ಮೊಬೈಲ್ ನಂಬರನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಈ ಸಲ ಕಾಲಂಗೆ 'ಟೆಕ್ಸ್ಟ್' ಅಂತ ಕೊಟ್ಟೆ.