ಜಯಧರ ಹತ್ತಿಗೂ ಡಿಸಿಎಚ್‌ಗೂ ಏನು ನಂಟು?

ಪ್ರಶ್ನೆ: ನಮ್ಮ ಎರಿ ಹೊಲದಾಗ ಜಯಧರ ಜವಾರಿ ಹತ್ತಿ ಐತ್ರೀ, ಬಾಜೂ ಹೊಲದಾಗ ಡಿಸಿಎಚ್. ಡಿಎನ್‌ಎ ಓದಿದ್ರ ಎರಡಕ್ಕೂ ಏನ್ ಸಂಬಂಧ ಅಂತ ತಿಳೀತದೇನ್ರಿ?
(ಗದಗ ಕಡೆಯ ಓದುಗರು)

ತಿಳಿಯುತ್ತದೆ. ಆದರೆ ಡಿಎನ್‌ಎಯ ಯಾವ ತುಂಡು ಓದಿದಿರಿ ಎನ್ನುವುದರ ಮೇಲೆ ಉತ್ತರವೇ ಬದಲಾಗುತ್ತದೆ. ಹತ್ತಿಯಷ್ಟು ಚೆನ್ನಾಗಿ ಇದನ್ನು ತೋರಿಸುವ ಬೆಳೆ ಕಡಿಮೆ.

ಜಯಧರ ಗಾಸಿಪಿಯಂ ಹರ್ಬೇಸಿಯಂ ಜಾತಿಯದು, ಅದಕ್ಕೆ 26 ವರ್ಣತಂತು. ಡಿಸಿಎಚ್ ಎಂದರೆ ಧಾರವಾಡದಲ್ಲೇ ರೂಪುಗೊಂಡ ಸಂಕರ ಹತ್ತಿ ಡಿಸಿಎಚ್-32; ಅದರ ತಾಯಿ ಹಿರ್ಸುಟಮ್ ಜಾತಿ, ತಂದೆ ಬಾರ್ಬಡೆನ್ಸ್ ಜಾತಿ, ಎರಡಕ್ಕೂ 52. ಈ 52ರಲ್ಲಿ ಅರ್ಧ ನಮ್ಮ ಜವಾರಿ ಹತ್ತಿಯ ಬಳಗದ್ದು, ಇನ್ನರ್ಧ ದಕ್ಷಿಣ ಅಮೆರಿಕದ ಕಾಡುಹತ್ತಿ ರೈಮಂಡಿಯ ಬಳಗದ್ದು. ಈ ಎರಡು ಬಳಗ ಕೂಡಿದ್ದು ಅಮೆರಿಕ ಖಂಡಗಳಲ್ಲಿ, ಸುಮಾರು 10-20 ಲಕ್ಷ ವರ್ಷಗಳ ಹಿಂದೆ.

ಎಲೆಗೆ ಹಸಿರು ಕೊಡುವ ಕ್ಲೋರೋಪ್ಲಾಸ್ಟ್ ಕಣಕ್ಕೆ ತನ್ನದೇ ಡಿಎನ್‌ಎ ಇದೆ, ಹತ್ತಿಯಲ್ಲಿ ಅದು ತಾಯಿಯಿಂದ ಬರುತ್ತದೆ. ಹಿರ್ಸುಟಮ್‌ನ ಕ್ಲೋರೋಪ್ಲಾಸ್ಟ್ ಡಿಎನ್‌ಎ ಓದಿದರೆ ಅದು ಜವಾರಿ ಹತ್ತಿಯ ಪಕ್ಕದಲ್ಲೇ ಕೂರುತ್ತದೆ. ಅದೇ ಗಿಡದ ಐಟಿಎಸ್ (ವರ್ಣತಂತುವಿನಲ್ಲಿ ರೈಬೋಸೋಮ್ ಜೀನ್‌ಗಳ ನಡುವಿನ ಡಿಎನ್‌ಎ) ತುಂಡು ಓದಿ, ರೈಮಂಡಿಯ ಕಡೆಗೆ ಹೋಗುತ್ತದೆ! ಐಟಿಎಸ್‌ಗೆ ಸಾಲುಸಾಲು ಪ್ರತಿಗಳಿರುತ್ತವೆ. ಕಾಲಕ್ರಮದಲ್ಲಿ ಅವು ಒಂದನ್ನೊಂದು ತಿದ್ದಿಕೊಂಡು ಏಕರೂಪವಾಗುತ್ತವೆ. ಹಿರ್ಸುಟಮ್, ಬಾರ್ಬಡೆನ್ಸ್‌ಗಳಲ್ಲಿ ರೈಮಂಡಿಯ ಬಗೆಯೇ ಉಳಿಯಿತು. ಬ್ರೆಜಿಲ್‌ನ ಕಾಡುಹತ್ತಿ ಮಸ್ಟೆಲಿನಮ್‌ನಲ್ಲಿ ಜವಾರಿ ಬಗೆ ಉಳಿಯಿತು ಎಂದು 1995ರಲ್ಲಿ ವಿಜ್ಞಾನಿ ಜೊನಾಥನ್ ವೆಂಡೆಲ್ ಮತ್ತು ಸಂಗಡಿಗರು ತೋರಿಸಿದರು. ಹೀಗಾಗಿ ಒಂದೇ ತುಂಡು ನೋಡಿ ವಂಶವೃಕ್ಷ ಬರೆದವರನ್ನು ನಂಬಬೇಡಿ. ಕ್ಲೋರೋಪ್ಲಾಸ್ಟ್‌ನ ಆರ್‌ಬಿಸಿಎಲ್ ಜೀನ್ ಒಂದನ್ನೇ ಓದಿದರೂ ಸಾಲದು, ಅದು ಬದಲಾಗುವುದು ಬಹಳ ನಿಧಾನ.

ಇನ್ನು ಕೈಕೆಲಸ, ಅಂದರೆ ಎಲೆಯಿಂದ ಡಿಎನ್‌ಎ ತೆಗೆಯುವುದು. ಹತ್ತಿ ಎಲೆಯನ್ನು ಬೆಳಕಿಗೆ ಹಿಡಿದರೆ ಸಣ್ಣ ಕಪ್ಪು ಚುಕ್ಕಿಗಳು ಕಾಣುತ್ತವಲ್ಲ, ಅವು ಗಾಸಿಪಾಲ್ ಗ್ರಂಥಿಗಳು. ಕಾಟ ಕೊಡುವುದು ಇದೇ ಗಾಸಿಪಾಲ್ ಮತ್ತು ಇತರ ಪಾಲಿಫೀನಾಲ್‌ಗಳು. ಅರೆದ ಕೂಡಲೇ ಗಾಳಿ ತಾಗಿ ಕಂದುತ್ತವೆ, ಡಿಎನ್‌ಎಗೆ ಅಂಟುತ್ತವೆ. ಕೊನೆಗೆ ಟ್ಯೂಬಿನ ತಳದಲ್ಲಿ ಬಿಳಿಯ ಬದಲು ಚಹಾ ಬಣ್ಣದ ಗಷ್ಟು ಕೂರುತ್ತದೆ. ಅದರಲ್ಲಿ ಪಿಸಿಆರ್ (ಬೇಕಾದ ಡಿಎನ್‌ಎ ತುಂಡಿನ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ನಡೆಯುವುದಿಲ್ಲ. ಆದ್ದರಿಂದ ಪೂರ್ತಿ ಬಿಚ್ಚದ ತುದಿ ಎಲೆಯನ್ನೇ ಚಿವುಟಿ, ಸಿಲಿಕಾ ಜೆಲ್‌ನಲ್ಲಿ ಒಂದೇ ದಿನಕ್ಕೆ ಗರಿಗರಿ ಒಣಗಿಸಿ. ಒಣ ಎಲೆ 20 ಮಿಲಿಗ್ರಾಂ ಸಾಕು. ಕೋಶ ಒಡೆದು ಡಿಎನ್‌ಎ ಬಿಡಿಸುವ 2% ಸಿಟಿಎಬಿ ದ್ರಾವಣಕ್ಕೆ, ಪಾಲಿಫೀನಾಲ್ ಹಿಡಿದಿಡುವ ಪಿವಿಪಿಯನ್ನು 2% ಸೇರಿಸಿ. ಕಂದುವುದನ್ನು ತಡೆಯುವ ಮರ್ಕ್ಯಾಪ್ಟೋಎಥನಾಲ್ ಅನ್ನು ಬಳಸುವ ಹೊತ್ತಿಗೇ ಹಾಕಿ. 65 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಕ್ಲೋರೋಫಾರ್ಮ್-ಐಸೋಅಮೈಲ್ ಆಲ್ಕೋಹಾಲ್ (24:1) ಬೆರೆಸಿ ಎರಡು ಸಲ ಶುದ್ಧಿ ಮಾಡಿ. ಇಷ್ಟಾದರೂ ಪಿಸಿಆರ್ ಹಿಡಿಯದಿದ್ದರೆ ಡಿಎನ್‌ಎ ಹೆಚ್ಚು ಹಾಕಬೇಡಿ, ಹತ್ತು ಪಟ್ಟು ತೆಳುಮಾಡಿ ನೋಡಿ, ಕಲ್ಮಶವೂ ತೆಳುವಾಗುತ್ತದೆ.

ಡಿಸಿಎಚ್‌ನ ಐಟಿಎಸ್ ಓದುವಾಗ ತಂದೆ-ತಾಯಿ ಬೇರೆಯಾಗುವ ಜಾಗಗಳಲ್ಲಿ ಯಂತ್ರ ಕೊಡುವ ನಕ್ಷೆಯಲ್ಲಿ ಒಂದರ ಮೇಲೊಂದು ಎರಡು ಶಿಖರ ಕಾಣಬಹುದು. ಅದನ್ನು ತಪ್ಪೆಂದು ತಿದ್ದಬೇಡಿ, ಸಂಕರದ ಗುರುತೇ ಅದು. ವಂಶವೃಕ್ಷಕ್ಕೆ ಬೇರು ಕೊಡಲು ಹತ್ತಿ ಕುಲದ ಹೊರಗಿನ ನಂಟ ಬೇಕು; ಹೂವರಸಿ ಮರ ನಡೆಯುತ್ತದೆ. ಬೂಟ್‌ಸ್ಟ್ರ್ಯಾಪ್ (ಕವಲು ಎಷ್ಟು ಗಟ್ಟಿ ಎಂದು ನೂರಕ್ಕೆ ಕೊಡುವ ಅಂಕ) 70ಕ್ಕಿಂತ ಕೆಳಗಿರುವ ಕವಲುಗಳ ಮೇಲೆ ವಾದ ಕಟ್ಟಬೇಡಿ.

ಅಂಗಡಿಯಿಂದ ತಂದ ಬೀಜ ನಿಜಕ್ಕೂ ಡಿಸಿಎಚ್ ಹೌದೋ ಅಲ್ಲವೋ ಎನ್ನುವುದೇ ನಿಮ್ಮ ಚಿಂತೆಯಾಗಿದ್ದರೆ ಇಷ್ಟೆಲ್ಲ ಬೇಡ. ಎಸ್‌ಎಸ್‌ಆರ್ (ಡಿಎನ್‌ಎಯಲ್ಲಿ ಮರುಕಳಿಸುವ ಸಣ್ಣ ತುಣುಕುಗಳು) ಗುರುತು ಪರೀಕ್ಷೆ ಕೇಳಿ: ತಾಯಿಯದೊಂದು, ತಂದೆಯದೊಂದು, ಎರಡೂ ಪಟ್ಟಿ ಬಂದ ಸಸಿ ಮಾತ್ರ ಸಂಕರ.