ವಾರಂಟ್ ಅಂದರೆ ಯಾರ ಕಾಗದ?

ಹೋದ ವಾರ ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಪಕ್ಕದ ಮನೆ ಆಂಟಿ ಗೇಟಿನ ಹತ್ತಿರ ನಿಂತು, "ನಮ್ಮ ಯಜಮಾನ್ರಿಗೆ ವಾರಂಟ್ ಬಂದಿದೆ ಕಣಪ್ಪ" ಅಂದರು. ದನಿ ನಡುಗುತ್ತಿತ್ತು. ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದಿದ್ದ ಕಾಗದ ಬೆವರಿಗೆ ಮೆತ್ತಗಾಗಿತ್ತು. ಬಿಡಿಸಿ ನೋಡಿದೆ. ಠಾಣೆಯ ಸೀಲು, ಎಸ್‌ಐ ಸಹಿ. ತಿರುವಿನಲ್ಲಿ ನಡೆದ ಬೈಕ್ ಆಕ್ಸಿಡೆಂಟ್ ನೋಡಿದವರು ನೀವು, ಬಂದು ಹೇಳಿಕೆ ಕೊಡಿ ಅಂತ ಬರೆದಿತ್ತು. ಅದು ನೋಟಿಸ್. ಒಂದು ಪದ ಅದಲು ಬದಲಾಗಿದ್ದಕ್ಕೆ ಇಬ್ಬರೂ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ.

ಅಂಕಲ್‌ಗೆ 68. ಸಾಕ್ಷಿ ಹೇಳಿಕೆಗಾಗಿ 60 ದಾಟಿದ ಗಂಡಸರನ್ನಾಗಲಿ, ಯಾವುದೇ ವಯಸ್ಸಿನ ಹೆಂಗಸರನ್ನಾಗಲಿ ಠಾಣೆಗೆ ಬರಲೇಬೇಕು ಅನ್ನುವಂತಿಲ್ಲ. ಪೊಲೀಸರೇ ಮನೆಗೆ ಬಂದು ಕೇಳಬೇಕು. ನೋಟಿಸ್ ಅನ್ನೋ ಪದ ಗೊತ್ತಿದ್ದರೆ ಈ ಮಾತೂ ನೆನಪಿಗೆ ಬರುತ್ತಿತ್ತು. ವಾರಂಟ್ ಅಂದ ಕೂಡಲೇ ಎಲ್ಲ ಮರೆತುಹೋಗುತ್ತೆ.

ಹಾಗಾದರೆ ವಾರಂಟ್ ಅಂದರೇನು? ವಾರಂಟ್, ವಾರಂಟಿ, ಗ್ಯಾರಂಟಿ ಮೂರೂ ಒಂದೇ ಬೇರಿನ ಪದಗಳು. ಜರ್ಮನಿಕ್ ಮೂಲದಿಂದ ಹಳೆಯ ಫ್ರೆಂಚಿಗೆ, ಅಲ್ಲಿಂದ ಇಂಗ್ಲಿಷಿಗೆ ಬಂದವು. ಫ್ರಾನ್ಸಿನ ಉತ್ತರದವರು 'ವ' ಅನ್ನುತ್ತಿದ್ದ ಕಡೆ ಪ್ಯಾರಿಸ್ ಸೀಮೆಯವರು 'ಗ' ಅನ್ನುತ್ತಿದ್ದರು. ತಮಿಳಿನವರು 'ವಾ' ಅಂದರೆ ನಾವು 'ಬಾ' ಅನ್ನುವುದಿಲ್ವಾ, ಹಾಗೆ. ಇಂಗ್ಲಿಷ್ ಎರಡನ್ನೂ ಉಳಿಸಿಕೊಂಡಿತು. ನಮ್ಮ ಕಾರ್ಪೊರೇಷನ್ ವಾರ್ಡ್ ಮತ್ತು ಅಪಾರ್ಟ್‌ಮೆಂಟ್ ಗಾರ್ಡ್ ಕೂಡ ಇಂಥದ್ದೇ ಜೋಡಿ. ವಾರಂಟ್ ಪದಕ್ಕೆ ಹಳೆಯ ಅರ್ಥ ಕಾಪಾಡುವವನು, ಹೊಣೆ ನಿಲ್ಲುವವನು. ಕಾಗದ ಆಮೇಲೆ ಬಂತು, ಮೊದಲು ಅದು ಮನುಷ್ಯ. ಸೊಸೈಟಿ ಸಾಲಕ್ಕೆ ಜಾಮೀನು ಹಾಕುವವರನ್ನು ನೆನೆಸಿಕೊಳ್ಳಿ.

ಮನೆ ಬಾಗಿಲಲ್ಲೂ ಪದದ ಅರ್ಥ ಇದೇ. ಪೊಲೀಸರ ಕೆಲಸಕ್ಕೆ ಹೊಣೆ ನಿಂತವರು ಯಾರು ಅನ್ನೋದಕ್ಕೆ ಉತ್ತರ ಆ ಕಾಗದ. ಮ್ಯಾಜಿಸ್ಟ್ರೇಟರ ಸಹಿ, ಕೋರ್ಟಿನ ಸೀಲು ಅದರ ಮೇಲಿರಬೇಕು. ಠಾಣೆಯಲ್ಲಿ ಬರೆದುಕೊಡುವ ಕಾಗದ ಅದಲ್ಲ. "ಪೊಲೀಸರಿಂದ ವಾರಂಟ್ ಜಾರಿ" ಅಂತ ಟಿವಿಯಲ್ಲಿ ಓಡಿದಾಗಲೆಲ್ಲ ನನಗೆ ಬೇಜಾರಾಗುತ್ತೆ, ಯಾಕಂದರೆ ವಿಡಿಯೊ ಕಾಲಿನಲ್ಲಿ ಯೂನಿಫಾರ್ಮ್ ತೋರಿಸಿ "ನಿಮ್ಮ ಮೇಲೆ ವಾರಂಟ್ ಇದೆ" ಅಂತ ದುಡ್ಡು ಕೀಳುವ ವಂಚಕರು ಬದುಕಿರುವುದೇ ಈ ಗೊಂದಲದ ಮೇಲೆ. 'ಡಿಜಿಟಲ್ ಅರೆಸ್ಟ್' ಅನ್ನೋದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ.

ಇನ್ನು "ವಾರಂಟ್ ಇಲ್ಲದೆ ಬಂದರೆ ಬಾಗಿಲು ತೆಗೀಬೇಡಿ" ಅನ್ನೋ ಫಾರ್ವರ್ಡ್. ಇದು ಅರ್ಧ ನಿಜ, ಅದಕ್ಕೇ ಜಾಸ್ತಿ ಅಪಾಯ. ಅರೆಸ್ಟ್ ವಾರಂಟ್ ಒಬ್ಬ ವ್ಯಕ್ತಿಯ ಬಗ್ಗೆ. ಅವನು ಒಳಗಿದ್ದಾನೆ ಅಂತ ನಂಬಲು ಕಾರಣವಿದ್ದರೆ ಹುಡುಕಲು ಬರಬಹುದು, ಆದರೆ ನಿಮ್ಮ ಬೀರು ಜಾಲಾಡಲು ಆ ಕಾಗದ ಸಾಲದು. ಅದಕ್ಕೆ ಸರ್ಚ್ ವಾರಂಟ್ ಬೇರೆ. ಕೊಲೆ, ದರೋಡೆಯಂಥ ಕೇಸಿನಲ್ಲಿ ವಾರಂಟ್ ಇಲ್ಲದೆಯೂ ಬಂಧಿಸಬಹುದು. ಬಂದ ಕಾರಣ ಹೇಳಿದ ಮೇಲೂ ತೆಗೆಯದಿದ್ದರೆ ಬಾಗಿಲು ಒಡೆಯುವ ಅಧಿಕಾರವೂ ಅವರಿಗಿದೆ.

ಕಾಯೋಕೆ ಆಗದ ಸಂದರ್ಭದಲ್ಲಿ ಸರ್ಚ್ ವಾರಂಟ್ ಇಲ್ಲದೆಯೂ ಮನೆ ಶೋಧ ಮಾಡಬಹುದು. ಹಾಗಂತ ಅದಕ್ಕೆ ಲಂಗುಲಗಾಮಿಲ್ಲ ಅಂತಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ, ಅಂದರೆ ಬಂಧನ, ಶೋಧ, ಜಾಮೀನು ಹೇಗೆ ನಡೆಯಬೇಕು ಅಂತ ಹೇಳುವ ಕಾನೂನಿನ, 185ನೇ ಸೆಕ್ಷನ್ ಓದಿ. ಏನನ್ನು ಹುಡುಕುತ್ತಿದ್ದೇವೆ, ವಾರಂಟ್ ತರುವಷ್ಟು ಕಾಯೋಕೆ ಯಾಕೆ ಆಗಲ್ಲ ಅಂತ ಅಧಿಕಾರಿ ಮೊದಲೇ ಬರೆದಿಡಬೇಕು. ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬರುವಂತಿಲ್ಲ. ಶೋಧದ ವಿಡಿಯೊ ಆಗಬೇಕು. ನೆರೆಹೊರೆಯ ಇಬ್ಬರಾದರೂ ಪಂಚರು, ಅಂದರೆ ಶೋಧಕ್ಕೆ ಸಾಕ್ಷಿಯಾಗುವವರು, ಎದುರಿಗಿರಬೇಕು. ತೆಗೆದುಕೊಂಡು ಹೋದ ಪ್ರತಿ ವಸ್ತುವಿನ ಪಟ್ಟಿಗೆ ಅವರ ಸಹಿ ಬೀಳಬೇಕು, ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಹೆಂಗಸರ ಮೈ ತಪಾಸಣೆ ಹೆಂಗಸರೇ ಮಾಡಬೇಕು.

ಆದ್ದರಿಂದ ಗ್ರಿಲ್ ಹಿಂದೆ ನಿಂತು "ವಾರಂಟ್ ಇದೆಯಾ" ಅಂತಷ್ಟೇ ಕೇಳಿ ನಿಲ್ಲಿಸಬೇಡಿ. "ಯಾವ ಠಾಣೆ ಸರ್, ತಮ್ಮ ಹೆಸರೇನು, ಯಾವ ಕೇಸು, ಯಾರನ್ನು ಅಥವಾ ಏನನ್ನು ಹುಡುಕ್ತಾ ಇದ್ದೀರಿ" ಅಂತ ಮರ್ಯಾದೆಯಿಂದಲೇ ಕೇಳಿ. ಬಂಧಿಸಲು ಬಂದ ಪೊಲೀಸರ ಹೆಸರು ಅವರ ಮೈಮೇಲೆ ಸ್ಪಷ್ಟವಾಗಿ ಕಾಣುವಂತಿರಬೇಕು ಅಂತ ಕಾನೂನೇ ಹೇಳಿದೆ.

'ಜಾಮೀನು ರಹಿತ ವಾರಂಟ್' ಬಗ್ಗೆ ಒಂದು ಮಾತು. ಅವನಿಗೆ ಜಾಮೀನೇ ಸಿಗಲ್ಲ ಅಂತ ಇದರ ಅರ್ಥವಲ್ಲ. ಹಿಡಿಯಲು ಬಂದ ಪೊಲೀಸರು ತಾವೇ ಜಾಮೀನು ಬರೆಸಿಕೊಂಡು ಬಿಡುವಂತಿಲ್ಲ ಅಂತ ಅಷ್ಟೇ. ಜಾಮೀನನ್ನು ಕೋರ್ಟಿನಲ್ಲಿ ಕೇಳಬಹುದು.

ಬಾಡಿಗೆ ಮನೆಯವರೂ ತಿಳಿಯಬೇಕಾದ್ದು ಇನ್ನೊಂದಿದೆ. 185ರಲ್ಲಿ ಶೋಧ ನಡೆಸಿದರೆ ಬರೆದಿಟ್ಟ ಕಾರಣಗಳ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಅರ್ಜಿ ಕೊಟ್ಟರೆ ನಿಮಗೂ ಅದರ ಪ್ರತಿ ಸಿಗುತ್ತೆ, ಒಂದು ರೂಪಾಯಿ ಖರ್ಚಿಲ್ಲದೆ. ಮನೆ ನಿಮ್ಮ ಹೆಸರಿನಲ್ಲೇ ಇರಬೇಕು ಅಂತಿಲ್ಲ, ನೀವು ಅಲ್ಲಿ ವಾಸವಿದ್ದರೆ ಸಾಕು.